ಮೋರಿಯ ಮೇಲೆ ಹೊರಿಸಿದ ಮಾತು

ಆದೋನಿಯಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಒಂದೇ ಕರಾರು: ಮೀನು-ಮಾಂಸ ಬೇಯಿಸಕೂಡದು. ಒಪ್ಪಿದೆ. ಸಮುದ್ರದಿಂದ ಅಷ್ಟು ದೂರದ, ಹತ್ತಿ ವ್ಯಾಪಾರದ ಆ ಊರಲ್ಲಿ ಮೀನಿನ ಮಾತೇ ಬರಲಾರದೆಂದು ಎಣಿಸಿದ್ದೆ.

ರಜೆ ಮುಗಿಸಿ ಕಾಸರಗೋಡಿನಿಂದ ಹೊರಟಾಗ ಅಮ್ಮ ಚೀಲದ ಅಡಿಯಲ್ಲಿ ಒಣಮೀನಿನ ಪೊಟ್ಟಣ ಇಟ್ಟಿದ್ದಳು. ಒಂದು ಮಳೆಯ ರಾತ್ರಿ ಕಿಟಕಿ ಮುಚ್ಚಿ, ಮೀನನ್ನು ನೆನೆಸಿ ಉಪ್ಪು ಬಿಡಿಸಿ, ಬಟಾಟೆ ಹಾಕಿ ಬೇಯಿಸಿದೆ. ಬೆಳಗ್ಗೆ ಮನೆಯೊಡತಿ, ಎಪ್ಪತ್ತು ದಾಟಿದ ಅಜ್ಜಿ, ಕೇಳಿದರು: "ರಾತ್ರಿ ಎಂಥದೋ ವಾಸ್ನಿ ಬಂತಲ್ಲಪ್ಪಾ?"

"ಮೋರಿಯದಿರಬೇಕಮ್ಮಾ" ಎಂದೆ.

ಸಂಜೆ ಬಂದಾಗ ಅಜ್ಜಿ ಸೊಂಟ ಬಾಗಿಸಿ ಮೋರಿ ತೊಳೆಯುತ್ತಿದ್ದರು.

ನಾನು ತಪ್ಪಿದ್ದು ಎಲ್ಲಿ? ಮೀನು ಬೇಯಿಸಿದ್ದರಲ್ಲೋ, ಸುಳ್ಳಾಡಿದ್ದರಲ್ಲೋ? ಕರಾರೇ ಅನ್ಯಾಯದ್ದೆಂದು ವಾದಿಸಬಹುದು. ಹಾಗೆನಿಸಿದ್ದರೆ ಮೊದಲ ದಿನವೇ ಹೇಳಿ ಬೇರೆ ಮನೆ ನೋಡಬೇಕಿತ್ತು. ಒಪ್ಪಿ ಒಳಗೆ ಬಂದು, ಕಿಟಕಿ ಮುಚ್ಚಿ ಮುರಿದದ್ದು ಪ್ರತಿಭಟನೆಯಲ್ಲ, ಕಳ್ಳತನ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಅಮ್ಮ ಕಟ್ಟಿಕೊಟ್ಟದ್ದನ್ನು ನನ್ನ ಬಾಯಿಂದಲೇ ಮೋರಿ ಎಂದೆ.

ಪೋರ್ಚುಗೀಸರು ಉಪ್ಪಿಕ್ಕಿ ಒಣಗಿಸಿದ ಕಾಡ್ ಮೀನನ್ನು 'ಬಕಾಲ್ಯಾವ್' ಎನ್ನುತ್ತಾರೆ. ಅದು ಅವರ ಕಡಲಿನದಲ್ಲ. 16ನೇ ಶತಮಾನದಿಂದ ನ್ಯೂಫೌಂಡ್‌ಲ್ಯಾಂಡಿನ, ಆಮೇಲೆ ನಾರ್ವೆಯ ತಣ್ಣನೆಯ ಕಡಲುಗಳಿಂದ ಬಂದದ್ದು. ಬಟಾಟೆ ದಕ್ಷಿಣ ಅಮೆರಿಕದ್ದು. ಮೀನನ್ನು ನೀರು ಬದಲಿಸುತ್ತ ಒಂದೆರಡು ದಿನ ನೆನೆಸಿ, ಬಟಾಟೆ, ಈರುಳ್ಳಿ, ಆಲಿವ್ ಎಣ್ಣೆ, ಬೇಯಿಸಿದ ಮೊಟ್ಟೆ ಸೇರಿಸಿ ಮಾಡುವ ಅಡುಗೆಗೆ ಪೋರ್ತೊ ನಗರದ ಗೋಮೆಸ್ ದ ಸಾ ಎಂಬವರ ಹೆಸರೇ ಇದೆ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿಯ ಊಟಕ್ಕೂ ಇದೇ ಮೀನು, ಇದೇ ಬಟಾಟೆ. ಹೊರಗಿನಿಂದ ಬಂದದ್ದನ್ನು ಅವರು ತಮ್ಮದೆಂದು ಹೆಮ್ಮೆಯಿಂದ ಬಡಿಸುತ್ತಾರೆ. ನಮ್ಮ 'ಬಟಾಟೆ' ಎಂಬ ಮಾತೂ ಅವರಿಂದ ಬಂದದ್ದೇ. ನಾನಾದರೋ ಹುಟ್ಟಿದ ಮನೆಯದನ್ನೇ ಅಲ್ಲಗಳೆದೆ.

1953ರಲ್ಲಿ ಆದೋನಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋಯಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ. ಇಂಥ ಊರುಗಳವರಾದ ನಮಗೆ ಪರರೆದುರು ನಮ್ಮದನ್ನು ಅಡಗಿಸುವುದು ಬೇಗ ರೂಢಿಯಾಗುತ್ತದೆ. ಅದಕ್ಕೆ ಸೌಜನ್ಯವೆಂದು ಹೆಸರಿಡುತ್ತೇವೆ. ನೆರೆಯವರಿಗಾಗಿ ಬೇಯಿಸದೆ ಇರುವುದು ಸೌಜನ್ಯವಾದೀತು. ಬೇಯಿಸಿ ತಿಂದು, ಅವರಿಂದ ಮೋರಿ ತೊಳೆಸುವುದು ಆಗದು.

ಆ ಸಂಜೆ ಅಜ್ಜಿಯ ಕೈಯಿಂದ ಪೊರಕೆ ತೆಗೆದುಕೊಂಡು ನಾನೇ ತೊಳೆದೆ. ನಿಜ ಮಾತ್ರ ಹೇಳಲಿಲ್ಲ. "ಒಳ್ಳೇ ಹುಡುಗ ನೀನು" ಎಂದರು. ಆ ಮಾತನ್ನು ಇಂದಿಗೂ ನನ್ನಿಂದ ನುಂಗಲಾಗಿಲ್ಲ.