ಇಂಗಳೀಕದೊಳಗಣ ಪಾದರಸ

ರಸಶಾಸ್ತ್ರವನ್ನು ಬಲ್ಲ ಆಯುರ್ವೇದದ ವೈದ್ಯರು ಶೋಧಿಸಿದ ಪಾದರಸವನ್ನೂ ಗಂಧಕವನ್ನೂ ಖಲ್ವಕ್ಕೆ ಹಾಕಿ ಎಡೆಬಿಡದೆ ಅರೆಯುತ್ತ ಹೋದಂತೆಲ್ಲ, ಬೆಳ್ಳಿಯ ಹೊಳಪಿನಿಂದ ಗುಂಡುಗುಂಡಾಗಿ ಉರುಳಾಡುತ್ತಿದ್ದ ಆ ದ್ರವಲೋಹವೂ ಹಳದಿಬಣ್ಣದ ಆ ಪುಡಿಯೂ ಕ್ರಮಕ್ರಮವಾಗಿ ಕಣ್ಮರೆಯಾಗಿ, ಅವೆರಡರ ಸ್ಥಾನದಲ್ಲಿ ಕಡುಗಪ್ಪಿನ ನುಣ್ಣನೆಯ ಹುಡಿಯೊಂದು ಉಳಿಯುತ್ತದೆ. ಇದೇ ಕಜ್ಜಲಿ. ಬಿಸಿಲಿಗೆ ಹಿಡಿದು ನೋಡಿದಾಗ ಪಾದರಸದ ಒಂದು ಕಣವೂ ಮಿನುಗದಿದ್ದರೆ ‘ನಿಶ್ಚಂದ್ರ’ವಾಯಿತೆಂದು ತಿಳಿದು ಅರೆಯುವುದನ್ನು ನಿಲ್ಲಿಸುತ್ತಾರೆ. ಬಳಿಕ, ಮಣ್ಣು ಮೆತ್ತಿದ ಬಟ್ಟೆಯನ್ನು ಪದರಪದರವಾಗಿ ಸುತ್ತಿದ ಗಾಜಿನ ಕುಪ್ಪಿಯಲ್ಲಿ ಈ ಕಜ್ಜಲಿಯನ್ನಿರಿಸಿ, ಕುಪ್ಪಿಯನ್ನು ಮರಳಿನಲ್ಲಿ ಹುಗಿದು, ಮಂದಾಗ್ನಿಯಿಂದ ತೀವ್ರಾಗ್ನಿಯವರೆಗೆ ಉರಿಯನ್ನೇರಿಸಿದರೆ, ಒಳಗಿನ ವಸ್ತು ಆವಿಯಾಗಿ ಮೇಲೆದ್ದು ಕುಪ್ಪಿಯ ಕೊರಳಿನಲ್ಲಿ ಗಟ್ಟಿಯಾಗಿ ನೆಲೆಸುತ್ತದೆ. ಕುಪ್ಪಿಯನ್ನೊಡೆದು ತೆಗೆದಾಗ ಅದು ಕಪ್ಪಲ್ಲ, ಕೆಂಪು. ರಸಸಿಂದೂರವೆಂಬುದು ಅದರ ಹೆಸರು. ಗಣಿಯಲ್ಲಿ ತಾನಾಗಿಯೇ ದೊರೆಯುವ ಇಂಗಳೀಕವೂ ವಸ್ತುತಃ ಇದೇ. ಆ ಇಂಗಳೀಕವನ್ನು ಕಾಯಿಸಿ ಪಾದರಸವನ್ನು ಮರಳಿ ಪಡೆಯುವ ಕ್ರಮವೂ ನಮ್ಮ ರಸವೈದ್ಯರಿಗೆ ಚಿರಪರಿಚಿತವಾದದ್ದು. ಹಾಗೆ ಪಡೆದದ್ದನ್ನು ಅವರು ಹಿಂಗುಲೋತ್ಥ ಪಾರದವೆಂದು ವಿಶೇಷವಾಗಿ ಆದರಿಸುತ್ತಾರೆ.

ಹಾಗಾದರೆ ಕೆಂಪು ಹರಳಾಗಿದ್ದಷ್ಟು ಕಾಲ ಪಾದರಸವೆಲ್ಲಿತ್ತು? ಅದರೊಳಗೇ ಇತ್ತೆನ್ನೋಣವೆಂದರೆ ಹೊಳಪಿಲ್ಲ, ದ್ರವತ್ವವಿಲ್ಲ, ಪಾದರಸದ್ದೆಂದು ಗುರುತಿಸಬಹುದಾದ ಒಂದು ಲಕ್ಷಣವೂ ಇಲ್ಲ. ನಾಶವಾಗಿತ್ತೆನ್ನೋಣವೆಂದರೆ, ನಾಶವಾದದ್ದು ತೂಕದಲ್ಲಿ ಗುಲಗಂಜಿಯಷ್ಟೂ ಕಡಮೆಯಾಗದೆ ಹಿಂದಿರುಗಿ ಬಂದದ್ದು ಹೇಗೆಂಬುದಕ್ಕೆ ಉತ್ತರವಿಲ್ಲ. ಬೇರೆ ಬೇರೆ ವಸ್ತುಗಳಾಗಿ ಒಡೆಯಲು ಬಾರದುದು ಮೂಲವಸ್ತು, ಎರಡು ಅಥವಾ ಹೆಚ್ಚು ಮೂಲವಸ್ತುಗಳು ನಿಯತ ಪ್ರಮಾಣದಲ್ಲಿ ಸೇರಿ ಆದುದು ಸಂಯುಕ್ತ ಎಂದು ಶಾಲೆಯ ಪಾಠಪುಸ್ತಕ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವ ಈ ಭೇದದ ಹಿಂದೆ, ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ತತ್ತ್ವಜ್ಞರನ್ನು ಕಾಡಿದ ಪ್ರಶ್ನೆಯೊಂದು ಹಾಗೆಯೇ ಕುಳಿತಿದೆ.

ಬರಿಯ ಮಿಶ್ರಣದಲ್ಲಿ ಈ ತೊಡಕಿಲ್ಲ. ಕಬ್ಬಿಣದ ಅರದ ಪುಡಿಯನ್ನೂ ಗಂಧಕವನ್ನೂ ಕಲಸಿಟ್ಟರೆ ಅಯಸ್ಕಾಂತವು ಕಬ್ಬಿಣವನ್ನು ಸೆಳೆದುಕೊಳ್ಳುತ್ತದೆ, ಗಂಧಕ ಉಳಿಯುತ್ತದೆ. ಎರಡೂ ತಮ್ಮತಮ್ಮ ಸ್ವಭಾವವನ್ನು ಬಿಟ್ಟಿಲ್ಲ. ಅದನ್ನೇ ಕೆಂಪಗೆ ಕಾಯಿಸಿ ತಣಿಸಿದ ಮೇಲೆ ದೊರೆಯುವ ಬೂದುಗಪ್ಪು ಉಂಡೆಯಲ್ಲಿ ಕಬ್ಬಿಣವನ್ನು ಆರಿಸಿ ತೆಗೆಯುವ ಉಪಾಯ ಅಯಸ್ಕಾಂತಕ್ಕಿಲ್ಲ.

ಈ ಒಡೆಯುವಿಕೆ ಕೂಡಿಸುವಿಕೆಗಳ ಸಾಕ್ಷ್ಯವನ್ನು ತಕ್ಕಡಿಯ ಮುಂದೆ ತಂದು ನಿಲ್ಲಿಸಿದವನು ಫ್ರಾನ್ಸಿನ ಲವಾಸಿಯೆ. ಅವನು ನಾಲ್ಕು ಔನ್ಸ್ ಪಾದರಸವನ್ನು ಉದ್ದ ಕೊರಳಿನ ಬಾಗಿದ ಗಾಜಿನ ಪಾತ್ರೆಯಲ್ಲಿರಿಸಿ, ಹೊರಗಿನ ಗಾಳಿ ಸುಳಿಯದಂತೆ ಸುಮಾರು ಐವತ್ತು ಘನ ಅಂಗುಲ ಗಾಳಿಯನ್ನು ಅದರೊಡನೆ ಬಂಧಿಸಿ, ಕುದಿತಕ್ಕೆ ತುಸು ಕಡಮೆಯಾದ ಬಿಸಿಯಲ್ಲಿ 12 ದಿನಗಳವರೆಗೆ ಕಾಯಿಸಿದನು. ಎರಡನೆಯ ದಿನ ಪಾದರಸದ ಮೇಲೆ ಸಣ್ಣ ಕೆಂಪು ಕಣಗಳು ತೋರತೊಡಗಿದವು. ಕೆಲವು ದಿನ ಬೆಳೆದವು. ಆಮೇಲೆ ಬೆಳೆಯುವುದು ನಿಂತಿತು. ಗಾಳಿಯು ನಲವತ್ತೆರಡು ನಲವತ್ತಮೂರು ಘನ ಅಂಗುಲಕ್ಕೆ ಇಳಿದಿತ್ತು, ಉಳಿದುದರಲ್ಲಿ ಮೋಂಬತ್ತಿ ಉರಿಯಲಿಲ್ಲ. ಆ ಕೆಂಪು ಕಣಗಳನ್ನು ಆಯ್ದು ತೂಗಿದಾಗ 45 ಗ್ರೇನ್ ಆಯಿತು. ಅದನ್ನು ಇನ್ನೂ ತೀವ್ರವಾಗಿ ಕಾಯಿಸಿದಾಗ ನಲವತ್ತೊಂದೂವರೆ ಗ್ರೇನ್ ಪಾದರಸವೂ ಏಳೆಂಟು ಘನ ಅಂಗುಲ ವಾಯುವೂ ಹೊರಬಂದವು, ಮತ್ತು ಈ ವಾಯುವಿನಲ್ಲಿ ಮೋಂಬತ್ತಿ ಕಣ್ಣುಕೋರೈಸುವಂತೆ ಉರಿಯಿತು. ಇದೇ ಕೆಂಪು ಭಸ್ಮದಿಂದ ಇದೇ ವಾಯುವನ್ನು ಇಂಗ್ಲೆಂಡಿನ ಪ್ರೀಸ್ಟ್‌ಲಿ 1774ರಲ್ಲಿಯೇ ಹೊರಡಿಸಿದ್ದನಾದರೂ, ಅದಕ್ಕೆ ಆಮ್ಲಜನಕವೆಂಬ ಮೂಲವಸ್ತುವಿನ ಪಟ್ಟವನ್ನು ಕಟ್ಟಿದವನು ಲವಾಸಿಯೆಯೇ. ಗಾಳಿಯಲ್ಲಿ ಕಳೆದದ್ದು ಭಸ್ಮದಲ್ಲಿ ಕೂಡಿತ್ತು, ಭಸ್ಮದಲ್ಲಿ ಕೂಡಿದ್ದು ಮರಳಿ ದೊರೆಯಿತು: ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗ ನನಗೆ ತಿಳಿದಿಲ್ಲ.

ಆದರೆ 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲವಾಸಿಯೆ ಮೂಲವಸ್ತುವಿಗೆ ಕೊಟ್ಟ ಲಕ್ಷಣದಲ್ಲಿ ಒಂದು ವಿನಯವಿದೆ, ಅದನ್ನು ಗಮನಿಸದೆ ದಾಟಬಾರದು. ಜಗತ್ತಿನ ಪರಮಮೂಲ ಯಾವುದೆಂದು ಅವನು ಹೇಳಹೊರಡಲಿಲ್ಲ; ನಮ್ಮ ವಿಶ್ಲೇಷಣೆಯು ಎಲ್ಲಿಗೆ ಬಂದು ನಿಲ್ಲುವುದೋ ಅದೇ ಸದ್ಯಕ್ಕೆ ನಮ್ಮ ಪಾಲಿನ ಮೂಲವಸ್ತು ಎಂದನು. ಅವನ ಪಟ್ಟಿಯ 33 ವಸ್ತುಗಳಲ್ಲಿ ಬೆಳಕೂ ಉಷ್ಣವೂ ಸುಣ್ಣವೂ ಸೇರಿದ್ದವು. ಬೆಳಕು ಉಷ್ಣಗಳು ವಸ್ತುಗಳೇ ಅಲ್ಲವೆಂದಾಯಿತು. ಸುಣ್ಣವನ್ನು 1808ರಲ್ಲಿ ಡೇವಿ ವಿದ್ಯುತ್ತಿನ ಬಲದಿಂದ ಒಡೆದು ಕ್ಯಾಲ್ಸಿಯಂ ಎಂಬ ಲೋಹವನ್ನು ಹೊರತೆಗೆದನು. ಮೂಲವೆಂದು ಎಣಿಸಿದ್ದು ಸಂಯುಕ್ತವಾಯಿತು. ಲಕ್ಷಣ ಮಾತ್ರ ಕೆಡಲಿಲ್ಲ. ಇದರ ಪಕ್ಕದಲ್ಲಿ, ಸಕಲ ಲೋಹಗಳೂ ಗಂಧಕ ಪಾದರಸಗಳ ಸಂಯೋಗದಿಂದಲೇ ಹುಟ್ಟಿದವೆಂದು ಶತಮಾನಗಳ ಕಾಲ ಸಾಧಿಸಿದ ಅರಬ್ಬೀ ಮತ್ತು ಐರೋಪ್ಯ ರಸವಾದಿಗಳ ನಿಶ್ಚಯವನ್ನಿಟ್ಟು ನೋಡಿದರೆ, ಲವಾಸಿಯೆಯ ಸಂಕೋಚದ ಬೆಲೆ ತಿಳಿಯುತ್ತದೆ.

ಸಂಯುಕ್ತವನ್ನು ಮಿಶ್ರಣದಿಂದ ಬೇರ್ಪಡಿಸುವ ಇನ್ನೊಂದು ಗುರುತು ಪ್ರಮಾಣದ ಕಟ್ಟುನಿಟ್ಟು. ರಸಸಿಂದೂರವನ್ನು ತಯಾರಿಸುವಾಗ ಪಾದರಸಕ್ಕೆ ಸಮತೂಕದ ಗಂಧಕವನ್ನೂ ಹಾಕುವುದುಂಟು, ಇಮ್ಮಡಿಯನ್ನೂ ಹಾಕುವುದುಂಟು, ಷಡ್ಗುಣವೆಂದು ಆರು ಮಡಿಯನ್ನೂ ಹಾಕುವುದುಂಟು. ಔಷಧದ ಗುಣದಲ್ಲಿ ಅದರಿಂದಾಗುವ ವ್ಯತ್ಯಾಸದ ಚರ್ಚೆ ವೈದ್ಯರಿಗೆ ಸೇರಿದ್ದು. ರಸಾಯನಜ್ಞನ ದೃಷ್ಟಿಯಲ್ಲಿ ನೂರು ತೊಲ ಪಾದರಸಕ್ಕೆ ಹದಿನಾರು ತೊಲ ಗಂಧಕ ಸಾಕು, ಮಿಕ್ಕದ್ದೆಲ್ಲ ಕುಪ್ಪಿಯ ಬಾಯಿಂದ ನೀಲಿಯ ಜ್ವಾಲೆಯಾಗಿ ಉರಿದುಹೋಗುತ್ತದೆ. ಪ್ರಕೃತಿಯಲ್ಲಿ ಹುಟ್ಟಿದ ಸಂಯುಕ್ತವಾಗಲಿ ಪ್ರಯೋಗಶಾಲೆಯಲ್ಲಿ ಮಾಡಿದ ಅದೇ ಸಂಯುಕ್ತವಾಗಲಿ ಒಂದೇ ಪ್ರಮಾಣವನ್ನು ಪಾಲಿಸುತ್ತದೆಯೆಂದು 1799ರಿಂದ ಮೊದಲುಗೊಂಡು ಫ್ರಾನ್ಸಿನ ರಸಾಯನಜ್ಞ ಪ್ರೂಸ್ತ್ ವಾದಿಸಿದಾಗ, ಪ್ರಮಾಣವು ಸನ್ನಿವೇಶವನ್ನನುಸರಿಸಿ ಬದಲಾಗಬಲ್ಲದೆಂದು ಅವನ ದೇಶದವನೇ ಆದ ಬರ್ತೊಲೆ ಎದುರುನಿಂತನು. ಹಲವು ವರ್ಷ ನಡೆದ ಆ ಸಭ್ಯವಾದ ವಾಗ್ವಾದದಲ್ಲಿ ಪ್ರೂಸ್ತನೇ ಗೆದ್ದನು. ಡಾಲ್ಟನ್ನನ ಪರಮಾಣುವಾದವು ಆ ಗೆಲವಿಗೆ ಕಾರಣವನ್ನೊದಗಿಸಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗ್ರೀಸಿನ ಪರಮಾಣುವಾದಿಗಳಿಗೆ ಉತ್ತರ ಸುಲಭವಾಗಿತ್ತು: ಕಣಗಳು ಪಕ್ಕಪಕ್ಕದಲ್ಲಿ ಕೂಡಿಕೊಳ್ಳುತ್ತವೆ, ಮತ್ತೆ ಅಗಲುತ್ತವೆ, ಅಷ್ಟೇ. ಅರಿಸ್ಟಾಟಲನಿಗೆ ಇದು ಒಪ್ಪಿಗೆಯಾಗಲಿಲ್ಲ. ಹಾಗಾದರೆ ಕೂಡಿಕೆಯೆಂಬುದು ನಮ್ಮ ಕಣ್ಣಿನ ಮಾಂದ್ಯವೇ ಹೊರತು ಮತ್ತೇನೂ ಅಲ್ಲ, ಪುರಾಣಪ್ರಸಿದ್ಧನಾದ ತೀಕ್ಷ್ಣದೃಷ್ಟಿಯ ಲಿನ್‌ಕ್ಯೂಸನ ಕಣ್ಣಿಗೆ ಜಗತ್ತಿನಲ್ಲಿ ಯಾವುದೂ ಕೂಡಿಲ್ಲವೆಂದಾದೀತು ಎಂದು ಅವನು ಆಕ್ಷೇಪಿಸಿದನು. ನಿಜವಾದ ಸಂಯೋಗದಲ್ಲಿ ಎಷ್ಟು ಸಣ್ಣ ಭಾಗವನ್ನು ತೆಗೆದರೂ ಅದು ಇಡಿಯಂತೆಯೇ ಇರಬೇಕು, ಘಟಕಗಳು ಅದರಲ್ಲಿ ವ್ಯಕ್ತವಾಗಿರದೆ ಶಕ್ತಿರೂಪದಲ್ಲಿ ಮಾತ್ರ ಉಳಿದಿರಬೇಕು ಎಂಬುದು ಅವನ ಮತ.

ನಮ್ಮ ದರ್ಶನಗಳಲ್ಲಿ ಪರಮಾಣುವನ್ನು ಅಂಗೀಕರಿಸಿದ ವೈಶೇಷಿಕರನ್ನು ರಸಾಯನಶಾಸ್ತ್ರದ ಪೂರ್ವಜರೆಂದು ಕೊಂಡಾಡುವ ಅಭ್ಯಾಸ ಕೆಲವರಿಗುಂಟು. ಅಷ್ಟು ಅವಸರ ಬೇಡ. ಗಂಧವಿದ್ದರೆ ಪೃಥಿವಿ, ಸ್ವಾಭಾವಿಕವಾದ ದ್ರವತ್ವವಿದ್ದರೆ ಜಲ ಎಂದು ಗುಣಗಳಿಂದ ನಿರ್ಣೀತವಾಗುವ ಭೂತಗಳಿಗೂ, ಒಡೆಯಲಾಗದ್ದೆಂದು ನಿರ್ಣೀತವಾಗುವ ಮೂಲವಸ್ತುಗಳಿಗೂ ಹೋಲಿಕೆ ತೀರ ಸ್ವಲ್ಪ. ಅದಲ್ಲದೆ, ಭಿನ್ನಜಾತಿಯ ಪರಮಾಣುಗಳು ಒಂದೇ ಅವಯವಿಗೆ ಸಮವಾಯಿಕಾರಣವಾಗಲಾರವೆಂಬುದು ಅವರ ಸಿದ್ಧಾಂತ: ಮಾನವದೇಹವು ಅವರ ಪಾಲಿಗೆ ಪಾರ್ಥಿವವೇ, ಜಲಾದಿಗಳು ಅದರಲ್ಲಿ ಬರಿಯ ಸಹಕಾರಿಗಳು. ಅಂದಮೇಲೆ ಎರಡು ಬಗೆಯ ಮೂಲಗಳು ಸಮಾನವಾಗಿ ಪಾಲುಗೊಂಡ ಸಂಯುಕ್ತಕ್ಕೆ ಆ ದರ್ಶನದಲ್ಲಿ ಎಡೆಯೇ ಇಲ್ಲ. ಕಾರ್ಯವು ಕಾರಣದಲ್ಲಿ ಮೊದಲೇ ಅವ್ಯಕ್ತವಾಗಿ ಇದ್ದೇ ಇರುತ್ತದೆನ್ನುವ ಸಾಂಖ್ಯರ ಮಾತು ಅರಿಸ್ಟಾಟಲನಿಗೆ ಹೆಚ್ಚು ಸಮೀಪವಾದದ್ದು. ಆದರೆ ನಮ್ಮ ಪ್ರಶ್ನೆಯ ತಿರುಳನ್ನು ಮುಟ್ಟಿದವರು, ಎಲ್ಲರ ನಿಂದೆಗೂ ಗುರಿಯಾದ ಚಾರ್ವಾಕರೆಂದು ನನ್ನ ಎಣಿಕೆ. ಎಲೆ, ಅಡಿಕೆ, ಸುಣ್ಣ ಇವುಗಳಲ್ಲಿ ಒಂದೊಂದನ್ನೇ ಜಗಿದರೆ ಬಾರದ ಕೆಂಪು ಮೂರನ್ನೂ ಕೂಡಿಸಿ ಜಗಿದಾಗ ಬರುವಂತೆ, ಭೂತಗಳಲ್ಲಿ ಬೇರೆಬೇರೆಯಾಗಿ ಇಲ್ಲದ ಚೈತನ್ಯವು ಅವುಗಳ ಕೂಡಿಕೆಯಿಂದ ಹುಟ್ಟುತ್ತದೆಂದು ಅವರು ವಾದಿಸಿದರು. ಚೈತನ್ಯದ ಮಾತು ಹಾಗಿರಲಿ. ಘಟಕಗಳಲ್ಲಿಲ್ಲದ ಗುಣ ಸಂಯೋಗದಲ್ಲಿ ಹೊಸದಾಗಿ ಹುಟ್ಟಬಹುದೆಂಬುದು ಎಲೆಯಡಿಕೆಯ ಕೆಂಪಿನಲ್ಲಿ ಎಷ್ಟು ಸತ್ಯವೋ ರಸಸಿಂದೂರದ ಕೆಂಪಿನಲ್ಲಿಯೂ ಅಷ್ಟೇ ಸತ್ಯ.

ಗುಣ ಹೊಸದಾಗಿ ಹುಟ್ಟಿತೆಂದರೆ ಪ್ರಶ್ನೆಯ ಒಂದು ಪಕ್ಕಕ್ಕೆ ಉತ್ತರವಾಯಿತು. ಉಳಿದುಕೊಂಡದ್ದು ಯಾವುದೆಂಬ ಇನ್ನೊಂದು ಪಕ್ಕ ಹಾಗೆಯೇ ಇದೆ. ಇಲ್ಲಿ ದಾರಿತೋರಿದವನು 1869ರಲ್ಲಿ ಆವರ್ತಕೋಷ್ಟಕವನ್ನು ರಚಿಸಿದ ರಷ್ಯದ ಮೆಂಡಲೀವ್. ಕೈಗೆ ಸಿಗುವ ಸರಳ ದ್ರವ್ಯ ಬೇರೆ, ಮೂಲವಸ್ತು ಬೇರೆ ಎಂದು ಅವನು ಒತ್ತಿ ಹೇಳಿದನು. ಇದ್ದಲೂ ವಜ್ರವೂ ಸರಳ ದ್ರವ್ಯಗಳು. ಒಂದು ಕಪ್ಪು ಮತ್ತು ಮೆದು, ಇನ್ನೊಂದು ನಿರ್ಮಲ ಮತ್ತು ಕಠಿಣ. ಆದರೆ ಸಮತೂಕದ ಇದ್ದಲನ್ನೂ ವಜ್ರವನ್ನೂ ಸುಟ್ಟರೆ ಬರುವ ಅನಿಲ ಒಂದೇ, ಅದರ ಪರಿಮಾಣವೂ ಒಂದೇ ಎಂದು ಟೆನಂಟ್ ಎಂಬ ಆಂಗ್ಲ ರಸಾಯನಜ್ಞನು 1797ರಲ್ಲಿ ತೋರಿಸಿಕೊಟ್ಟಿದ್ದನು. ಎರಡರಲ್ಲಿಯೂ ಇದ್ದು, ಸುಟ್ಟ ಮೇಲಿನ ಅನಿಲದಲ್ಲಿಯೂ ಇದ್ದು, ಕಪ್ಪೂ ಅಲ್ಲದ ನಿರ್ಮಲವೂ ಅಲ್ಲದ ಇಂಗಾಲವೆಂಬುದೇ ಮೂಲವಸ್ತು. 1931ರಲ್ಲಿ ಕ್ಯೋನಿಗ್ಸ್‌ಬರ್ಗಿನಲ್ಲಿ ಮಾಡಿದ ಉಪನ್ಯಾಸದಲ್ಲಿ ರಸಾಯನಜ್ಞ ಪಾನೆಟ್ ಈ ಭೇದವನ್ನು ಇನ್ನೂ ಆಳಕ್ಕೆ ಒಯ್ದು, ಸಂಯುಕ್ತದಲ್ಲಿ ಉಳಿಯುವ ಮೂಲವು ಇಂದ್ರಿಯಗೋಚರವಾದ ಗುಣಗಳನ್ನು ಹೊಂದಿರುವ ವಸ್ತುವೇ ಅಲ್ಲವೆಂದನು. ಇಂಗಳೀಕದೊಳಗೆ ಪಾದರಸವೆಂಬ ಮೂಲವಸ್ತುವಿದೆ, ಪಾದರಸವೆಂಬ ಹೊಳೆಯುವ ದ್ರವವಿಲ್ಲ.

ಇಂದ್ರಿಯಕ್ಕೆ ತೋರದ ಈ ಮೂಲದ ಗುರುತನ್ನು ಭೌತಶಾಸ್ತ್ರ ಅಷ್ಟರಲ್ಲಾಗಲೇ ಕಂಡುಕೊಂಡಿತ್ತು. ಪರಮಾಣುವಿನ ಗರ್ಭದಲ್ಲಿರುವ ಧನವಿದ್ಯುದಂಶದ ಸಂಖ್ಯೆಯೇ ಮೂಲವಸ್ತುವಿನ ಅಸ್ಮಿತೆಯೆಂದು 1913ರಲ್ಲಿ ಮೋಸ್‌ಲಿಯ ಎಕ್ಸ್‌ಕಿರಣ ಪ್ರಯೋಗಗಳು ಹೊರಗೆಡಹಿದವು: ಪಾದರಸಕ್ಕೆ 80, ಗಂಧಕಕ್ಕೆ 16, ಇಂದು ತಿಳಿದಿರುವ ಕಡೆಯ ಮೂಲವಸ್ತುವಿಗೆ 118. ಸಂಯೋಗದಲ್ಲಿ ಬದಲಾಗುವುದು ಹೊರವಲಯದ ಇಲೆಕ್ಟ್ರಾನುಗಳ ಏರ್ಪಾಡು. ಬಣ್ಣ, ದ್ರವತ್ವ, ಹೊಳಪು ಎಲ್ಲವೂ ಆ ಹೊರವಲಯದ ವ್ಯವಹಾರವಾದ್ದರಿಂದ ಅವೆಲ್ಲ ಹೋಗುತ್ತವೆ, ಗರ್ಭ ಕದಲುವುದಿಲ್ಲ.

ಅಡುಗೆಯ ಉಪ್ಪಿನಲ್ಲಿ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ನೀರಿಗೆ ಬಿದ್ದರೆ ಸಿಡಿದೇಳುವ ಸೋಡಿಯಂ ಲೋಹವೂ, 1915ರಲ್ಲಿ ಈಪ್ರ್ ರಣರಂಗದಲ್ಲಿ ವಿಷವಾಯುವಾಗಿ ಬಳಕೆಯಾದ ಕ್ಲೋರಿನ್ನೂ ಸೇರಿ ಆದುದು ಉಪ್ಪು. ಬ್ರ್ಯಾಗ್ ತಂದೆಮಕ್ಕಳು ಎಕ್ಸ್‌ಕಿರಣಗಳಿಂದ ಉಪ್ಪಿನ ಹರಳನ್ನು ಶೋಧಿಸಿದಾಗ, ಒಂದು ಸೋಡಿಯಂ ಒಂದು ಕ್ಲೋರಿನ್ನಿನೊಡನೆ ಜೋಡಿಯಾಗಿರುವ ಅಣುವೆಂಬುದೇ ಅಲ್ಲಿ ಕಾಣಲಿಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಒಂದೊಂದು ಕ್ಲೋರಿನ್ ಸುತ್ತ ಆರು ಸೋಡಿಯಂ ಹೀಗೆ ಹರಳಿನ ಅಂಚಿನವರೆಗೂ ಹಾಸಿತ್ತು. ಈ ಚದುರಂಗದ ಮಣೆ ಸಾಮಾನ್ಯ ವಿವೇಕಕ್ಕೆ ವಿರುದ್ಧವೆಂದು ವೃದ್ಧ ರಸಾಯನಜ್ಞ ಆರ್ಮ್‌ಸ್ಟ್ರಾಂಗ್ 1927ರಲ್ಲಿ ‘ನೇಚರ್’ ಪತ್ರಿಕೆಗೆ ಕೋಪದಿಂದ ಬರೆದನು. ಅವನ ಕೋಪವನ್ನು ನಗೆಗೀಡುಮಾಡುವವರು, ಅಣುವನ್ನು ಸಂಯುಕ್ತದ ಘಟಕವೆಂದು ಜೀವಮಾನವಿಡೀ ಬೋಧಿಸಿದವನಿಗೆ ಆ ಚಿತ್ರ ಹೇಗೆ ಕಂಡಿರಬೇಕೆಂಬುದನ್ನು ನೆನೆಯಬೇಕು.

ಇತ್ತ ಸೋತವನೆಂದು ಎಲ್ಲರೂ ಮರೆತಿದ್ದ ಬರ್ತೊಲೆಯ ಪಕ್ಷಕ್ಕೂ ಇಂತಹ ಹರಳುಗಳೇ ಬಂದು ನಿಂತವು. ಕಬ್ಬಿಣವೂ ಆಮ್ಲಜನಕವೂ ಒಂದಕ್ಕೊಂದರಂತೆ ಸೇರಿದ್ದೆಂದು ಪುಸ್ತಕಗಳು ಬರೆಯುವ ಆಕ್ಸೈಡಿನಲ್ಲಿ, ಸಾಮಾನ್ಯವಾಗಿ ಕಬ್ಬಿಣದ ಪರಮಾಣುಗಳು ಆಮ್ಲಜನಕಕ್ಕಿಂತ ತುಸು ಕಡಮೆಯೇ ಇರುತ್ತವೆ. ಹರಳಿನ ಕೆಲವು ಮನೆಗಳು ಬರಿದಾಗಿರುವುದೇ ಇದಕ್ಕೆ ಕಾರಣ, ಮತ್ತು ಎಷ್ಟು ಮನೆಗಳು ಬರಿದಾಗಿರಬೇಕೆಂಬುದು ಅದು ತಯಾರಾದಾಗಿನ ಬಿಸಿಯನ್ನೂ ಸುತ್ತಲ ಆಮ್ಲಜನಕವನ್ನೂ ಅವಲಂಬಿಸಿದೆ. ಪ್ರಮಾಣ ತಪ್ಪಿಯೂ ಸಂಯುಕ್ತವಾಗಿಯೇ ಉಳಿಯುವ ಇಂತಹವುಗಳಿಗೆ ರಷ್ಯದ ಕುರ್ನಕೋವ್ ‘ಬರ್ತೊಲೈಡ್’ ಎಂದೂ, ಪ್ರಮಾಣಕ್ಕೆ ಕಟ್ಟುಬಿದ್ದವುಗಳಿಗೆ ‘ಡಾಲ್ಟೊನೈಡ್’ ಎಂದೂ ಹೆಸರಿಟ್ಟನು.