ನೋಡಿದವರು

ನಮ್ಮೂರು ಸೋಸಲೆಯಲ್ಲಿ ವ್ಯಾಸರಾಜ ಮಠ ಇದೆ. ಹಿಂದೆ ಒಮ್ಮೆ ಸ್ವಾಮಿಗಳು ಊರಿಗೆ ಬಂದಾಗ ನಮ್ಮ ತಾತ ಅವರನ್ನು ಎದುರಿಂದಲೇ ನೋಡಿದ್ದರಂತೆ. "ನನ್ನ ಕಡೆ ತಿರುಗಿ ನಕ್ಕರು ಕಣ್ಲಾ" ಅಂತ ನೂರು ಸಲ ಹೇಳಿದ್ದಾರೆ. ತಾತ ಹೋದ ಮೇಲೆ ಒಂದು ದಿನ ಅಜ್ಜಿ ಅವರೆಕಾಯಿ ಸುಲೀತಾ, "ಅವತ್ತು ಅವ್ರು ಜ್ವರ ಬಂದು ಮನೇಲೇ ಮಲಗಿದ್ರು" ಅಂದುಬಿಟ್ಟಳು. ನಾನು ನಕ್ಕು ಸುಮ್ಮನಾದೆ. ಹಾಗೆ ನಕ್ಕಿದ್ದು ಸರಿಯಾ ಅನ್ನೋ ಅನುಮಾನ ಬಂದಿದ್ದು ಮೊನ್ನೆ ಬೆಂಗಳೂರಲ್ಲಿ, ಒಬ್ಬ ನಿವೃತ್ತ ಪಾದ್ರಿಯ ಮಾತು ಕೇಳಿದ ಮೇಲೆ. ಅವರು ನನ್ನ ಸಹೋದ್ಯೋಗಿಯ ಚಿಕ್ಕಪ್ಪ.

1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಭಾರತಕ್ಕೆ ಬಂದಿದ್ದರು. ಮೊದಲ ದಿನವೇ ದೆಹಲಿಯ ರಾಜಘಾಟ್‌ಗೆ ಹೋದರು. ಕರ್ನಾಟಕದಲ್ಲಿ ಅವರು ಬಂದಿದ್ದು ಮಂಗಳೂರಿಗೆ, ಫೆಬ್ರವರಿ 6ಕ್ಕೆ. ಫಾದರ್ ಆಗ ಮೈಸೂರು ಕಡೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಹೊಸಬರು. ಒಂದು ಬಸ್ಸು ಜನರನ್ನು ಕರಕೊಂಡು ರಾತ್ರಿಯಿಡೀ ಘಾಟಿ ಇಳಿದು ಹೋಗಿದ್ದರು. ಬಲಿಪೂಜೆ ಶುರುವಾಗೋ ಹೊತ್ತಿಗೆ, ಜೊತೆಗೆ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಸೆಖೆಗೆ ತಲೆಸುತ್ತಿ ಬಿದ್ದರು. ಅವರನ್ನು ಹಿಂದೆ ನೆರಳಿಗೆ ಕರಕೊಂಡು ಹೋಗಿ, ಒದ್ದೆ ಟವೆಲ್ ಹಾಕಿ, ನೀರು ಕುಡಿಸ್ತಾ ಫಾದರ್ ಕೊನೇವರೆಗೂ ಅಲ್ಲೇ ಕೂತರು. ಮೈಕಿನಲ್ಲಿ ದನಿ ಕೇಳಿಸಿತು. ಪೋಪರು ಕಾಣಲೇ ಇಲ್ಲ.

ವಾಪಸ್ ಬರುವಾಗ ಆಯಮ್ಮ ಬಸ್ಸಲ್ಲಿ ಅತ್ತರು. "ನನ್ನಿಂದ ನಿಮಗೂ ದರ್ಶನ ತಪ್ಪೋಯ್ತಲ್ಲ ಸ್ವಾಮಿ."

"ಇಲ್ಲಮ್ಮ, ನೀವು ಕಣ್ಣು ಮುಚ್ಚಿದ್ದಾಗ ಎದ್ದುಹೋಗಿ ನೋಡಿ ಬಂದೆ. ಹತ್ತಿರದಿಂದಲೇ ನೋಡಿದೆ, ನಗ್ತಾ ಇದ್ರು."

ಸುಳ್ಳು ಶುರುವಾಗಿದ್ದು ಅಲ್ಲಿ. ಆಮೇಲೆ ಊರಲ್ಲಿ ಎಲ್ಲರೂ ಕೇಳಿದರು. ನಗುವಿನ ಜೊತೆಗೆ ಕೈಬೀಸಿದ್ದು ಸೇರಿತು, ಕಣ್ಣಿನ ಬಣ್ಣ ಸೇರಿತು. ಅದೆಲ್ಲಾ ಪೇಪರ್ ಫೋಟೋಗಳಿಂದ ಬಂದಿದ್ದು ಅಂತ ಫಾದರೇ ಹೇಳಿದರು. 2014ರ ಏಪ್ರಿಲ್ 27ರಂದು ರೋಮಿನಲ್ಲಿ ಅದೇ ಪೋಪರಿಗೆ ಸಂತ ಪದವಿ ಕೊಟ್ಟಾಗ, ಸಂತರನ್ನು ಕಣ್ಣಾರೆ ಕಂಡವರು ಅಂತ ಇವರನ್ನು ಸ್ಟೇಜಿಗೆ ಹತ್ತಿಸಿದರು. ಇವರು ಮತ್ತೆ ಅದೇ ಕತೆ ಹೇಳಿದರು. ಆಯಮ್ಮ ಅಷ್ಟೊತ್ತಿಗೆ ತೀರಿಕೊಂಡಿದ್ದರು.

"ಪಾಪನಿವೇದನೆ ಮಾಡ್ಕೊಂಡೆ, ಕ್ಷಮೆ ಸಿಕ್ತು. ಆದ್ರೆ ಆ ಜನಕ್ಕೆ ಇನ್ನೂ ಹೇಳಿಲ್ಲ. ಹೇಳ್ಬೇಕೇನಪ್ಪ?"

ನನ್ನ ಸಹೋದ್ಯೋಗಿಯ ಪ್ರಕಾರ ಬೇಡ. ಯಾರಿಗೇನು ನಷ್ಟ? ಪ್ರೊಡಕ್ಷನ್‌ನಲ್ಲಿ ಚೆನ್ನಾಗಿ ಓಡ್ತಿರೋ ಕೋಡನ್ನ ಮುಟ್ಟಬಾರದು ಅನ್ನೋದು ಅವನ ವೇದಾಂತ. ಆಫೀಸಲ್ಲಿ ನಾನೂ ಅದನ್ನೇ ಹೇಳ್ತೀನಿ ಬಿಡಿ.

ಆದರೆ ಇಲ್ಲಿ ನನಗೆ ಒಪ್ಪಿಗೆಯಾಗಲಿಲ್ಲ. ಬಸ್ಸಲ್ಲಿ ಹೇಳಿದ ಸುಳ್ಳನ್ನು ನಾನೂ ಹೇಳ್ತಿದ್ದೆ. ಅದು ಅಳುತ್ತಿದ್ದ ಒಬ್ಬರ ಎದೆಭಾರ ಇಳಿಸೋಕೆ. ಸ್ಟೇಜಿನ ಮೇಲೆ ಹೇಳಿದ್ದು ಯಾರಿಗೋಸ್ಕರ? ಮಾತು ಅದೇ, ಆದರೆ ಕೇಳಬೇಕಾದವರೇ ಅಲ್ಲಿ ಇರಲಿಲ್ಲ. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಪೋಪರ ನಗುವಿನ ಕತೆಯಲ್ಲಿ ಆಯಮ್ಮನಿಗೆ ಜಾಗವೇ ಇಲ್ಲ. ಅವರನ್ನು ತಂದರೆ ತಾನೆಲ್ಲಿ ಕೂತಿದ್ದೆ ಅಂತ ಫಾದರ್ ಹೇಳಬೇಕಾಗುತ್ತೆ. ಹಾಗಾಗಿ ತಾನು ಅವತ್ತು ಮಾಡಿದ ಒಳ್ಳೇ ಕೆಲಸವನ್ನೂ ಅವರು ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದಾರೆ. ಮಂಗಳೂರಿಗೆ ಬರೋದಕ್ಕೆ ಮೂರು ದಿನ ಮುಂಚೆ ಆ ಪೋಪರು ಕಲ್ಕತ್ತೆಯಲ್ಲಿ, ಮದರ್ ತೆರೇಸಾರ ನಿರ್ಮಲ ಹೃದಯದಲ್ಲಿ, ಸಾವಿನ ಹಾಸಿಗೆಯಲ್ಲಿದ್ದವರಿಗೆ ಕೈಯಾರೆ ಊಟ ತಿನ್ನಿಸಿದ್ದರು. ಇವರು ಒದ್ದೆ ಟವೆಲ್ ಹಿಡಿದು ಕೂತಿದ್ದು ಅದಕ್ಕಿಂತ ಬೇರೆಯೇನಲ್ಲವಲ್ಲ!

"ಹೇಳಿ ಫಾದರ್. ಆಯಮ್ಮನ ಕತೆಯಿಂದ ಶುರು ಮಾಡಿ" ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಫಿ ಆರಿಹೋಯ್ತು ಅಂದರು.

ನಮ್ಮ ತಾತನ ಸುಳ್ಳಿಂದ ಹೀಗೆ ಯಾರೂ ಮರೆಯಾಗಿಲ್ಲ ಅಂದುಕೊಂಡೇ ಮನೆಗೆ ಬಂದೆ. ಆದರೂ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ತಾತನಿಗೆ ಜ್ವರ ಬಂದಿದ್ದ ದಿನ ನೀನೆಲ್ಲಿದ್ದೆ ಅಂತ ಕೇಳಿದೆ.

"ಇನ್ನೆಲ್ಲಿರ್ಲಿ ಮಗ, ಗಂಜಿ ಕಾಯಿಸ್ತಾ ಕೂತಿದ್ದೆ" ಅಂದಳು. "ನಂಗೂ ನೋಡ್ಬೇಕು ಅಂತಿತ್ತು."