ಪರದೆಯ ಮೇಲೆ ಪರರ ಹೆಣ್ಣು

ರಿಯಾಲಿಟಿ ಶೋಗಳಿಗೆ ಅಪರಿಚಿತ ಸಂಸ್ಕೃತಿಯ ಹೆಣ್ಣು ಬೇಕಾಗುವುದು ಎರಡೇ ವೇಷದಲ್ಲಿ. ಒಂದೋ ಆಕೆ ಕಣ್ಣೀರಿಡುವ ಅಬಲೆಯಾಗಿರಬೇಕು, ಇಲ್ಲವೇ ಸಂಕೋಲೆ ಹರಿದು ಬಂದ ಬಂಡಾಯಗಾರ್ತಿಯಾಗಿರಬೇಕು. ಇವೆರಡರ ನಡುವೆ, ಬೆಳಗೆದ್ದು ಮಕ್ಕಳಿಗೆ ತಿಂಡಿ ಕೊಟ್ಟು, ಕೆಲಸಕ್ಕೆ ಹೋಗಿ ಬಂದು, ಗಂಡನೊಂದಿಗೆ ಜಗಳವಾಡಿ, ಮಲಗುವ ಹೊತ್ತಿಗೆ ರಾಜಿಯಾಗುವ ಹೆಣ್ಣೂ ಒಬ್ಬಳಿದ್ದಾಳೆ. ಆಕೆಯನ್ನು ಇದ್ದ ಹಾಗೆಯೇ ತೋರಿಸಿದರೆ ಏನಾಗುತ್ತದೆ?

ಅಮೆರಿಕದಲ್ಲಿ ಒಮ್ಮೆ ಈ ಪ್ರಯೋಗ ನಡೆಯಿತು. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಫೋರ್ಡ್ ಕಾರು ಕಂಪೆನಿಯ ಊರು. ಅರಬ್ ಮೂಲದವರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸಿದ್ದಾರೆ. 2011ರ ನವೆಂಬರ್‌ನಲ್ಲಿ ಟಿಎಲ್‌ಸಿ ವಾಹಿನಿ ಅಲ್ಲಿನ ಐದು ಲೆಬನಾನ್ ಮೂಲದ ಕುಟುಂಬಗಳ ಬದುಕನ್ನು ‘ಆಲ್-ಅಮೆರಿಕನ್ ಮುಸ್ಲಿಮ್’ ಎಂಬ ಹೆಸರಿನಲ್ಲಿ ಎಂಟು ಕಂತುಗಳಲ್ಲಿ ತೋರಿಸಿತು. ಹಿಜಾಬ್ ಧರಿಸಿ, ಹೆರಿಗೆಯ ದಿನ ಎಣಿಸುತ್ತಿದ್ದ ಒಬ್ಬಳು. ಬಿಟ್ಟಿದ್ದ ಹಿಜಾಬನ್ನು ಮತ್ತೆ ತೊಡಲು ನಿರ್ಧರಿಸಿದ ಇನ್ನೊಬ್ಬಳು. ನೈಟ್‌ಕ್ಲಬ್ ತೆರೆಯುವ ಕನಸಿನ ಮತ್ತೊಬ್ಬಳು. ಒಂದೇ ಊರು, ಒಂದೇ ಧರ್ಮ, ಆದರೆ ಒಬ್ಬಳಂತೆ ಇನ್ನೊಬ್ಬಳಿಲ್ಲ.

ಫ್ಲಾರಿಡಾದ ಒಂದು ಸಂಘಟನೆ ಇದರ ವಿರುದ್ಧ ಎದ್ದು ನಿಂತಿತು. ಇವರೆಲ್ಲ ಸಾಮಾನ್ಯರಂತೆ ಕಾಣುತ್ತಾರೆ, ಅಂದರೆ ಯಾವುದೋ ಅಪಾಯವನ್ನು ಮುಚ್ಚಿಡಲಾಗುತ್ತಿದೆ ಎಂಬುದು ಅವರ ದೂರಿನ ತಿರುಳು. ಡಿಸೆಂಬರ್‌ನಲ್ಲಿ ಮನೆ ಕಟ್ಟುವ ಸಾಮಾನು ಮಾರುವ ಲೋಸ್ ಕಂಪೆನಿ ತನ್ನ ಜಾಹೀರಾತನ್ನೇ ಹಿಂತೆಗೆದುಕೊಂಡಿತು. ನೋಡುವವರೂ ಕಡಿಮೆಯಾದರು. 2012ರಲ್ಲಿ ಕಾರ್ಯಕ್ರಮ ನಿಂತುಹೋಯಿತು. ಸಾಮಾನ್ಯಳಾಗಿರುವುದೇ ಒಂದು ಹೆಣ್ಣಿನ ಮೇಲಿನ ಆರೋಪವಾಗಬಹುದು ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಆದರೆ ದೂರು ಒಂದೇ ಕಡೆಯಿಂದ ಬರಲಿಲ್ಲ. ನೈಟ್‌ಕ್ಲಬ್ ಕನಸಿನವಳು ನಮ್ಮ ಪ್ರತಿನಿಧಿಯೇ ಎಂದು ಮುಸ್ಲಿಮರಲ್ಲೂ ಕೆಲವರು ಸಿಟ್ಟಾದರು. ಎಲ್ಲರೂ ಲೆಬನಾನಿನವರೇ, ಎಲ್ಲರೂ ಶಿಯಾಗಳೇ, ಕಪ್ಪು ಮುಸ್ಲಿಮರೆಲ್ಲಿ, ನಮ್ಮ ಭಾರತ-ಪಾಕಿಸ್ತಾನದ ಕಡೆಯವರೆಲ್ಲಿ ಎಂಬ ಪ್ರಶ್ನೆಯೂ ಎದ್ದಿತು. ಈ ಕೊನೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳಬೇಕಾದದ್ದು ವಾಹಿನಿಯನ್ನು, ಆ ಹೆಣ್ಣುಮಕ್ಕಳನ್ನಲ್ಲ. ಹಂಡೆಯ ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಹೆಣ್ಣು ಅಗುಳಲ್ಲ. ದ್ವೇಷಿಸುವವರೂ ಅಭಿಮಾನಿಗಳೂ ಆಕೆಯನ್ನು ಮಾದರಿ ಚೂರಿನಂತೆ ಹಿಚುಕಿ ನೋಡಿದರೆ ಇಬ್ಬರ ನಡುವೆ ಏನು ವ್ಯತ್ಯಾಸ?

ಹಾಗಾದರೆ ನಮ್ಮ ಹೆಣ್ಣುಮಕ್ಕಳ ಸಂಕಟಗಳನ್ನು ಟಿವಿ ತೋರಿಸಲೇಬಾರದೇ? ಖಂಡಿತ ತೋರಿಸಬೇಕು. ಇರುವ ಅನ್ಯಾಯವನ್ನು ಮುಚ್ಚಿಡುವುದು ಇನ್ನೊಂದು ಸುಳ್ಳು. ಪ್ರಶ್ನೆ ಇರುವುದು, ಆಕೆ ಯಾರೊಂದಿಗೆ ಮಾತಾಡುತ್ತಿದ್ದಾಳೆ ಎಂಬಲ್ಲಿ. 2010ರಲ್ಲಿ ಅಬುಧಾಬಿಯ ‘ಮಿಲಿಯನ್ಸ್ ಪೊಯೆಟ್’ ಸ್ಪರ್ಧೆಯಲ್ಲಿ ಸೌದಿಯ ಹಿಸ್ಸಾ ಹಿಲಾಲ್, ಕಣ್ಣು ಮಾತ್ರ ಕಾಣುವ ನಿಖಾಬ್‌ನಲ್ಲಿ ನಿಂತು, ಮನಬಂದಂತೆ ಫತ್ವಾ ಹೊರಡಿಸುವವರ ವಿರುದ್ಧ ಕವಿತೆ ಓದಿದರು. ಕೊಲೆ ಬೆದರಿಕೆಗಳು ಬಂದರೂ ಹಿಂದೆ ಸರಿಯದೆ ಮೂರನೆಯ ಸ್ಥಾನ ಪಡೆದರು. ಮುಸುಕಿನೊಳಗಿಂದ ಒಂದು ದನಿ ಎಂದು ಹೊರಗಿನ ಪತ್ರಿಕೆಗಳು ಬೆರಗಾದವು. ಆದರೆ ಆಕೆ ಅದಕ್ಕೂ ಮೊದಲೇ ‘ಅಲ್ ಹಯಾತ್’ ಪತ್ರಿಕೆಯ ಕಾವ್ಯ ವಿಭಾಗದ ಸಂಪಾದಕಿಯಾಗಿದ್ದವರು. ಬಳಸಿದ್ದು ಬದುಗಳ ಆಡುನುಡಿಯ ನಬತಿ ಕಾವ್ಯವನ್ನು, ಮಾತಾಡಿದ್ದು ತನ್ನ ಜನರೊಂದಿಗೆ. ಪಶ್ಚಿಮದವರು ಬಂದು ತನ್ನನ್ನು ಬಿಡಿಸಲಿ ಎಂದು ಆಕೆ ಕಾದು ಕೂತಿರಲಿಲ್ಲ.

ಈ ದೃಷ್ಟಿದೋಷ ಪಶ್ಚಿಮಕ್ಕೆ ಮಾತ್ರ ಅಂಟಿದ್ದಲ್ಲ. 2010ರಲ್ಲಿ ಸುವರ್ಣ ವಾಹಿನಿಯಲ್ಲಿ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಬಂತು. ಪೇಟೆಯ ಹುಡುಗಿಯರು ಹಳ್ಳಿಯ ಕೆಲಸಗಳಲ್ಲಿ ಪಟ್ಟ ಪಾಡನ್ನು ಕನ್ನಡನಾಡು ಕಣ್ಣರಳಿಸಿ ನೋಡಿತು. ಅದೇ ಕೆಲಸವನ್ನು ಜನ್ಮವಿಡೀ ಮಾಡುವ ಹಳ್ಳಿಯ ಹೆಂಗಸಿನ ಪಾಡು ಮಾತ್ರ ಯಾರಿಗೂ ಸ್ಪರ್ಧೆಯಾಗಿ ಕಾಣಲಿಲ್ಲ. ಆಕೆಗೆ ಅಂಕವೂ ಇಲ್ಲ, ಬಹುಮಾನವೂ ಇಲ್ಲ.

ಆಕೆಯ ಬಗ್ಗೆ ಕನಿಕರ ಪಡುವುದು ಸುಲಭ, ಚಪ್ಪಾಳೆ ತಟ್ಟುವುದು ಇನ್ನೂ ಸುಲಭ. ಇವೆರಡನ್ನೂ ಬದಿಗಿಟ್ಟು, ಇವಳೂ ನನ್ನ ಹಾಗೆಯೇ ಒಂದು ಅರ್ಥವಾಗದ ಜೀವ ಎಂದು ಒಪ್ಪಿಕೊಳ್ಳುವುದೇ ಕಷ್ಟದ ಕೆಲಸ. ಅಷ್ಟು ಗೌರವವನ್ನು ಕೊಡಲು ಯಾವ ವಾಹಿನಿಯ ಅನುಮತಿಯೂ ನಮಗೆ ಬೇಕಿಲ್ಲ.